ಒಮ್ಮುಖ ಕಡಲಯಾನ: ಯಾವ ಹಾದಿ ಯಾರಿಗೆ?

ಮಕ್ಕಳು ಪರದೇಶದಲ್ಲಿ ನೆಲೆಸಿರುವ ಮನೆಗಳು ಇಂದು ನಮ್ಮ ಸಮಾಜದಲ್ಲಿ ವಿರಳವೇನಲ್ಲ. ಮಗಳ ಬಾಣಂತನಕ್ಕೆಂದೋ ಮಗನ ಹೊಸ ಮನೆಯ ಪ್ರವೇಶಕ್ಕೆಂದೋ ತಾಯಿ ತಂದೆಯರು ವಿಮಾನವೇರಿ ಅಮೆರಿಕೆಗೆ ಹೋಗಿ, ನಾಲ್ಕಾರು ತಿಂಗಳಿದ್ದು ಮರಳುವುದು ಹಳ್ಳಿಯವರಿಗೂ ಪರಿಚಿತವಾದ ಸಂಗತಿಯಾಗಿದೆ. ಹೀಗೆ ಎರಡು ಮೂರು ಸಲ ಹೋಗಿಬಂದ ಹಿರಿಯರಲ್ಲಿ ಕೆಲವರಿಗೆ ಈಚೆಗೆ ಇನ್ನೊಂದು ಬಯಕೆ ಮೂಡುತ್ತಿದೆ. ಇಪ್ಪತ್ತು ತಾಸು ವಿಮಾನದ ಇಕ್ಕಟ್ಟಿನಲ್ಲಿ ಮೊಳಕಾಲು ಮಡಚಿ ಕುಳಿತು ಹೋಗುವ ಬದಲು, ಹೋಗುವ ದಾರಿಯ ಒಂದು ಭಾಗವನ್ನಾದರೂ ಹಡಗಿನಲ್ಲಿ ಕ್ರಮಿಸಬಾರದೇಕೆ ಎಂಬುದೇ ಆ ಬಯಕೆ. ಮಕ್ಕಳು ಅದನ್ನು ಕೇಳಿ, ಮಹಾಸಾಗರವನ್ನು ದಾಟುವ ನಾಲ್ಕಾರು ಯಾನಗಳ ಪಟ್ಟಿಯನ್ನು ಕಳುಹಿಸುತ್ತಾರೆ. ಒಂದು ಏಳು ರಾತ್ರಿಯದು, ಇನ್ನೊಂದು ಹದಿನಾಲ್ಕು ರಾತ್ರಿಯದು, ಮತ್ತೊಂದು ಇಪ್ಪತ್ತನ್ನೂ ಮೀರಿದ್ದು. ಎಲ್ಲದರಲ್ಲಿಯೂ ನೀಲಿ ಕಡಲು, ಬಿಳಿಯ ಹಡಗು, ನಗುಮುಖದ ದಂಪತಿಗಳ ಚಿತ್ರ ಒಂದೇ ಬಗೆಯಾಗಿರುವುದರಿಂದ, ನೋಡಿದಷ್ಟೂ ಗೊಂದಲ ಹೆಚ್ಚುವುದೇ ಹೊರತು ನಿರ್ಧಾರ ಕೈಗೆ ಸಿಗುವುದಿಲ್ಲ. ಈ ಆಯ್ಕೆಯನ್ನು ಮಾಡುವ ಬಗೆಯನ್ನು ಈ ತಿಂಗಳು ವಿಚಾರಿಸೋಣ.

ಮೊದಲು ತಿಳಿಯಬೇಕಾದುದು ಇಂತಹ ಯಾನ ಏಕೆ ಇದೆ ಎಂಬುದನ್ನು. ಬೇಸಿಗೆಯಲ್ಲಿ ಮೆಡಿಟರೇನಿಯನ್ ಕಡಲು, ಉತ್ತರ ಯುರೋಪು ಹಾಗೂ ಅಲಾಸ್ಕಾ ತೀರಗಳಲ್ಲಿ ಪ್ರವಾಸಿಗಳನ್ನು ಸುತ್ತಾಡಿಸುವ ಕ್ರೂಸ್ ಹಡಗುಗಳಿಗೆ ಚಳಿಗಾಲದಲ್ಲಿ ಅಲ್ಲಿ ಕೆಲಸವಿರುವುದಿಲ್ಲ. ಅವು ಆಗ ಕೆರಿಬಿಯನ್ ದ್ವೀಪಗಳತ್ತಲೋ ಆಸ್ಟ್ರೇಲಿಯದತ್ತಲೋ ಏಷ್ಯಾದ ಬೆಚ್ಚಗಿನ ಕಡಲುಗಳತ್ತಲೋ ಸಾಗಬೇಕು. ವಸಂತ ಬಂದೊಡನೆ ಮರಳಬೇಕು. ಆದುದರಿಂದ ವರ್ಷಕ್ಕೆರಡು ಸಲ, ಸ್ಥೂಲವಾಗಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಮತ್ತು ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ನೂರಾರು ಕೋಟಿಯ ಈ ಹಡಗುಗಳು ಮಹಾಸಾಗರವನ್ನು ದಾಟುತ್ತವೆ. ಬರಿದಾಗಿ ದಾಟುವುದಕ್ಕಿಂತ ಪ್ರಯಾಣಿಕರನ್ನು ಹೊತ್ತು ದಾಟುವುದು ಒಡೆಯರಿಗೆ ಲಾಭ. ಒಂದು ಊರಿನಲ್ಲಿ ಹತ್ತಿ ಇನ್ನೊಂದು ಖಂಡದಲ್ಲಿ ಇಳಿಯುವ ಒಮ್ಮುಖ ಯಾನ ಹುಟ್ಟಿದ್ದು ಹೀಗೆ. ಹಡಗು ತನ್ನ ಕಾಯಕಕ್ಕೆ ಹೊರಟಿದೆ. ನಾವು ಅದರ ಜೊತೆಗೆ ಹೋಗುವವರು. ಶಾಲೆಗಳಿಗೆ ರಜೆಯಿಲ್ಲದ ಕಾಲ, ನಡುವೆ ರೇವುಗಳೂ ಕಡಿಮೆ. ಆದುದರಿಂದ ದಿನವೊಂದಕ್ಕೆ ಬೀಳುವ ದರ ಸಾಮಾನ್ಯವಾಗಿ ಉಳಿದ ಯಾನಗಳಿಗಿಂತ ಕಡಿಮೆಯಿರುತ್ತದೆ. ಅಗ್ಗವೆಂದು ಮರುಳಾಗುವ ಮುನ್ನ, ಅಗ್ಗವಾಗಲು ಕಾರಣವಾದ ಆ ಬರಿಯ ದಿನಗಳೇ ನಾವು ಕೊಳ್ಳುತ್ತಿರುವ ವಸ್ತು ಎಂಬುದನ್ನು ನೆನಪಿಡಬೇಕು.

ಮುಂಬಯಿಯಿಂದಲೇ ನೇರವಾಗಿ ಹಡಗೇರಬಾರದೆ ಎಂದು ಕೆಲವರು ಕೇಳುವರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ನಮ್ಮ ಹಿರಿಯರ ತಲೆಮಾರಿನವರು ಮುಂಬಯಿ, ಏಡನ್, ಸೂಯೆಜ್ ಮಾರ್ಗವಾಗಿ ವಿಲಾಯಿತಿಗೆ ಹೋಗುತ್ತಿದ್ದುದು ನಿಜ. ಅಂತಹ ನಿಯತ ಪ್ರಯಾಣಿಕ ಸೇವೆ ಈಗ ಇಲ್ಲ. ಚಳಿಗಾಲದಲ್ಲಿ ಮುಂಬಯಿ, ನವಮಂಗಳೂರು, ಕೊಚ್ಚಿ ಬಂದರುಗಳಿಗೆ ವಿದೇಶಿ ಕ್ರೂಸ್ ಹಡಗುಗಳು ಬಂದರೂ, ಅವು ಹೆಚ್ಚಾಗಿ ಬೇರೆಡೆ ಹತ್ತಿದವರನ್ನು ಒಂದು ಹಗಲಿಗೆ ಇಳಿಸಿ ಮುಂದೆ ಸಾಗುವಂಥವು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಮೊದಲಾದ ಬಳಿಕ, ಅನೇಕ ಸಂಸ್ಥೆಗಳು ಸೂಯೆಜ್ ದಾರಿಯನ್ನು ಬಿಟ್ಟು ಆಫ್ರಿಕದ ತುದಿಯನ್ನು ಸುತ್ತಿ ಹೋಗುವಂತೆ ತಮ್ಮ ಯಾನಗಳನ್ನು ಬದಲಿಸಿದವು, ಕೆಲವನ್ನು ರದ್ದುಪಡಿಸಿದವು. ಹೀಗಾಗಿ ನಮ್ಮವರು ಅಮೆರಿಕೆಗೆ ಕಡಲ ದಾರಿ ಹಿಡಿಯಬೇಕಾದರೆ, ಮೊದಲು ಯುರೋಪಿಗೋ ಜಪಾನಿಗೋ ಆಸ್ಟ್ರೇಲಿಯಕ್ಕೋ ವಿಮಾನದಲ್ಲಿ ಹೋಗಿ, ಅಲ್ಲಿಂದ ಹಡಗೇರುವುದೇ ಸಾಧ್ಯವಾದ ಕ್ರಮ.

ಹಾಗೆ ನೋಡಿದರೆ ನಮ್ಮ ಮುಂದಿರುವುದು ಮುಖ್ಯವಾಗಿ ನಾಲ್ಕು ಹಾದಿಗಳು. ಮೊದಲನೆಯದು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗುವ ಅಟ್ಲಾಂಟಿಕ್ ದಾರಿ. 2004ರಲ್ಲಿ ಸೇವೆಗೆ ಬಂದ ಕ್ಯುನಾರ್ಡ್ ಸಂಸ್ಥೆಯ ಕ್ವೀನ್ ಮೇರಿ 2 ಎಂಬ ಹಡಗು ಈ ದಾರಿಯಲ್ಲಿ ವರ್ಷದ ಬಹುಭಾಗ ಹೋಗಿಬರುತ್ತದೆ. ಸಾಮಾನ್ಯವಾಗಿ ಏಳು ರಾತ್ರಿ, ನಡುವೆ ಒಂದು ರೇವೂ ಇಲ್ಲ. ಎರಡನೆಯದು ಶರತ್ಕಾಲದಲ್ಲಿ ಬಾರ್ಸಿಲೋನಾ ಮೊದಲಾದ ಮೆಡಿಟರೇನಿಯನ್ ಬಂದರುಗಳಿಂದ ಹೊರಟು, ಸ್ಪೇನಿನ ದಕ್ಷಿಣ ತೀರ, ಕೆನರಿ ದ್ವೀಪ ಅಥವಾ ಮಡೀರಾದಲ್ಲಿ ನಿಂತು, ಅಲ್ಲಿಂದಾಚೆಗೆ ಸುಮಾರು ಒಂದು ವಾರ ನೆಲವನ್ನೇ ಕಾಣದೆ ಸಾಗಿ ಫ್ಲಾರಿಡಾವನ್ನು ಸೇರುವ, ಹದಿಮೂರರಿಂದ ಹದಿನಾರು ರಾತ್ರಿಯ ದಾರಿ. ಮೂರನೆಯದು ವಸಂತದಲ್ಲಿ ಜಪಾನಿನ ಯೋಕೋಹಾಮಾದಿಂದ ಉತ್ತರ ಪೆಸಿಫಿಕ್ ಸಾಗರವನ್ನು ದಾಟಿ, ಹಲವು ಸಲ ಅಲಾಸ್ಕಾವನ್ನು ಮುಟ್ಟಿ, ಕೆನಡಾದ ವ್ಯಾಂಕೂವರ್ ಅಥವಾ ಅಮೆರಿಕದ ಸಿಯಾಟಲ್ ಸೇರುವುದು. ನಾಲ್ಕನೆಯದು ಸಿಡ್ನಿಯಿಂದ ಹೊರಟು ದಕ್ಷಿಣ ಪೆಸಿಫಿಕ್ಕಿನ ದ್ವೀಪಗಳನ್ನೂ ಹವಾಯಿಯನ್ನೂ ನೋಡಿ ಅದೇ ವ್ಯಾಂಕೂವರ್ ಅಥವಾ ಸಿಯಾಟಲ್ ತಲಪುವ, ಮೂರು ವಾರಗಳಷ್ಟು ಉದ್ದವಾದ ದಾರಿ.

ಇವುಗಳಲ್ಲಿ ಯಾವುದು ಎಂದು ಕೇಳಿದಾಗ, ಹೆಚ್ಚಿನವರು ಮೊದಲು ಎಣಿಸುವುದು ನಡುವೆ ಸಿಗುವ ಊರುಗಳನ್ನು. ಈ ಎಣಿಕೆ ತಲೆಕೆಳಗಾದುದು. ಒಂದು ರೇವಿನಲ್ಲಿ ಹಡಗು ನಿಲ್ಲುವುದು ಹೆಚ್ಚೆಂದರೆ ಒಂದು ಹಗಲು. ಗಾಳಿ ಬಲವಾಗಿದ್ದರೆ ಆ ರೇವನ್ನು ಬಿಟ್ಟು ಮುಂದೆ ಹೋಗುವ ಅಧಿಕಾರ ನಾಯಕನಿಗಿದೆ, ಟಿಕೆಟ್ಟಿನ ಕರಾರು ಅದನ್ನು ಸ್ಪಷ್ಟವಾಗಿ ಹೇಳಿರುತ್ತದೆ. ಬದಲಾಗದೆ ಉಳಿಯುವುದು ಕಡಲ ದಿನಗಳು ಮಾತ್ರ. ಆದುದರಿಂದ ಎಣಿಸಬೇಕಾದುದು ಅವುಗಳನ್ನು. ಸತತವಾಗಿ ಎಷ್ಟು ದಿನ ನೆಲ ಕಾಣದೆ ಇರಬೇಕು? ಆ ದಿನಗಳನ್ನು ನಾನು ಹೇಗೆ ಕಳೆಯುವೆನು? ಬೆಳಗಾಗೆದ್ದು ಹಾಲು ತರುವುದು, ಪತ್ರಿಕೆ ಓದುವುದು, ಹೊಲಕ್ಕೋ ಅಂಗಡಿಗೋ ಹೋಗಿಬರುವುದು, ಸಂಜೆ ನಾಲ್ಕು ಜನರೊಡನೆ ಕಟ್ಟೆಯ ಮೇಲೆ ಕುಳಿತು ಮಾತಾಡುವುದು, ಇದರಲ್ಲಿ ಅರವತ್ತು ವರ್ಷ ಕಳೆದ ಜೀವಕ್ಕೆ, ಮಾಡಲು ಏನೂ ಇಲ್ಲದ ಎಂಟು ದಿನ ಸಣ್ಣ ಮಾತಲ್ಲ. ಹಡಗಿನಲ್ಲಿ ಸಂಗೀತ, ನಾಟಕ, ಉಪನ್ಯಾಸ, ಈಜುಕೊಳಗಳಿವೆ, ನಿಜ. ಆದರೆ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುವ ಆ ಮನರಂಜನೆ ಎಲ್ಲರಿಗೂ ಹಿಡಿಸುತ್ತದೆಂದು ಹೇಳಲಾಗದು.

ಬರಿದಾದ ದಿನ ಒಬ್ಬನಿಗೆ ಬೇಸರ, ಇನ್ನೊಬ್ಬನಿಗೆ ನಿಧಿ. 1909ರ ನವೆಂಬರಿನಲ್ಲಿ ಗಾಂಧೀಜಿಯವರು ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವಾಗ, 13ರಿಂದ 22ರವರೆಗಿನ ಹತ್ತೇ ದಿನಗಳಲ್ಲಿ 'ಹಿಂದ್ ಸ್ವರಾಜ್' ಗ್ರಂಥವನ್ನು ಗುಜರಾತಿಯಲ್ಲಿ ಬರೆದು ಮುಗಿಸಿದರು. ಬಲಗೈ ದಣಿದಾಗ ಎಡಗೈಯಿಂದ ಬರೆದರು. ಹಡಗಿನ ಕಾಗದವೇ ಅವರ ಕಾಗದ. ನೆಲದ ಮೇಲೆ ಅವರಿಗೆ ಅಷ್ಟು ಅಖಂಡವಾದ ಹತ್ತು ದಿನ ದೊರೆಯುವುದು ಕಷ್ಟವಿತ್ತು. ನಾವೆಲ್ಲರೂ ಗ್ರಂಥ ಬರೆಯಬೇಕಾಗಿಲ್ಲ. ಆದರೆ ಬಹಳ ಕಾಲದಿಂದ ಓದಬೇಕೆಂದು ತೆಗೆದಿಟ್ಟ ಪುಸ್ತಕ, ಮೊಮ್ಮಕ್ಕಳಿಗೆಂದು ಬರೆದಿಡಬೇಕಾದ ಮನೆತನದ ಕಥೆ, ಅರ್ಧಕ್ಕೆ ನಿಂತ ಕಸೂತಿ, ಯಾವುದಾದರೂ ಒಂದು ಕೆಲಸ ಕೈಯಲ್ಲಿದ್ದವರಿಗೆ ದೀರ್ಘ ಯಾನ ಒಪ್ಪುತ್ತದೆ. ಅಂತಹದೇನೂ ಇಲ್ಲದವರು ಏಳು ರಾತ್ರಿಯ ದಾರಿಯನ್ನು ಮೀರಿ ನೋಡದಿರುವುದು ಒಳಿತು. ಇದಕ್ಕೆ ಮನೆಯಲ್ಲಿಯೇ ಒಂದು ಪರೀಕ್ಷೆಯುಂಟು. ಮೂರು ದಿನ ಅಂಗಳದಾಚೆಗೆ ಕಾಲಿಡದೆ, ಟಿ.ವಿ. ಹಾಕದೆ, ದೂರವಾಣಿ ಮುಟ್ಟದೆ ಇದ್ದು ನೋಡಿ. ಮೂರನೆಯ ಸಂಜೆಯ ಮನಃಸ್ಥಿತಿ ಉತ್ತರವನ್ನು ಹೇಳುತ್ತದೆ.

ಎರಡನೆಯ ವಿಚಾರ ದಿಕ್ಕಿನದು. ಭೂಮಿ ಹದಿನೈದು ಡಿಗ್ರಿ ತಿರುಗಲು ಒಂದು ಗಂಟೆ ಬೇಕು. ಹಡಗು ಪಶ್ಚಿಮಕ್ಕೆ ಸಾಗುವಾಗ ಕೆಲವು ದಿನಕ್ಕೊಮ್ಮೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ದಿನಕ್ಕೆ 25 ಗಂಟೆ. ಪೂರ್ವಕ್ಕೆ ಸಾಗುವಾಗ ಮುಂದಕ್ಕೆ ತಿರುಗಿಸುತ್ತಾರೆ. ಆ ದಿನಕ್ಕೆ 23 ಗಂಟೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗುವವರಿಗೆ ಐದು ರಾತ್ರಿ ಒಂದೊಂದು ಗಂಟೆ ಹೆಚ್ಚು ನಿದ್ರೆ ದೊರೆಯುತ್ತದೆ. ಬಾರ್ಸಿಲೋನಾದಿಂದ ಫ್ಲಾರಿಡಾಕ್ಕೆ ಹೋಗುವವರಿಗೆ ಅಂತಹ ರಾತ್ರಿಗಳು ಆರು. ಅದೇ ದಾರಿಯನ್ನು ವಸಂತದಲ್ಲಿ ಪೂರ್ವಾಭಿಮುಖವಾಗಿ ಕ್ರಮಿಸುವವರು ಅಷ್ಟೇ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ಯೋಕೋಹಾಮಾದಿಂದ ವ್ಯಾಂಕೂವರಿಗೆ ಹೊರಟವರಂತೂ ಎಂಟು ಸಲ ಗಡಿಯಾರವನ್ನು ಮುಂದಕ್ಕೆ ತಿರುಗಿಸಬೇಕು. ಒಂದು ಗಂಟೆಯಲ್ಲಿ ಏನಿದೆ ಎನಿಸಬಹುದು. ದಿನ ಬಿಟ್ಟು ದಿನ ಒಂದು ಗಂಟೆ ಮೊದಲೇ ಬೆಳಗಾಗುವುದು ಎಪ್ಪತ್ತರ ಹತ್ತಿರದ ದೇಹಕ್ಕೆ ದಣಿವನ್ನೇ ತರುತ್ತದೆ. ಮಹಾಸಾಗರವನ್ನು ಮೊದಲ ಸಲ ದಾಟುವ ಹಿರಿಯರಿಗೆ ಪಶ್ಚಿಮಾಭಿಮುಖ ಯಾನವೇ ಹಿತಕರ.

ಪೆಸಿಫಿಕ್ಕಿನಲ್ಲಿ ಇದರ ಜೊತೆಗೆ ದಿನಾಂಕ ರೇಖೆಯ ವಿಷಯವೂ ಇದೆ. ಪೂರ್ವಕ್ಕೆ ಹೋಗುವವರಿಗೆ ಒಂದೇ ತಾರೀಖು ಎರಡು ಸಲ ಬರುತ್ತದೆ. ಪಶ್ಚಿಮಕ್ಕೆ ಹೋಗುವವರಿಗೆ ಒಂದು ತಾರೀಖು ಬಾರದೆಯೇ ಹೋಗುತ್ತದೆ. ಮೆಗೆಲನ್ನನ ತಂಡದಲ್ಲಿ ಬದುಕಿ ಉಳಿದವರು ಭೂಮಿಯನ್ನು ಸುತ್ತಿ 1522ರ ಜುಲೈಯಲ್ಲಿ ಕೇಪ್ ವರ್ಡ್ ದ್ವೀಪಗಳಿಗೆ ಬಂದಾಗ, ತಮ್ಮ ಲೆಕ್ಕದಲ್ಲಿ ಬುಧವಾರವಾಗಿದ್ದುದು ನೆಲದವರಿಗೆ ಗುರುವಾರವಾಗಿದ್ದುದನ್ನು ಕಂಡು ಬೆರಗಾದರು. ದಿನಚರಿ ಬರೆಯುತ್ತಿದ್ದ ಪಿಗಫೆಟ್ಟ ಒಂದು ದಿನವೂ ತಪ್ಪದೆ ಬರೆದಿದ್ದ. ಇದು ಕುತೂಹಲದ ಸಂಗತಿಯಷ್ಟೇ ಆಗಿ ಉಳಿಯುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ರಕ್ತದೊತ್ತಡಕ್ಕೆ, ಹೃದಯಕ್ಕೆ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುವವರು ಗೋಡೆಯ ಗಡಿಯಾರವನ್ನು ನಂಬದೆ, ಹಿಂದಿನ ಔಷಧ ತೆಗೆದುಕೊಂಡು ಎಷ್ಟು ಗಂಟೆಯಾಯಿತೆಂದು ಲೆಕ್ಕ ಹಾಕಬೇಕಾಗುತ್ತದೆ. ಈ ಲೆಕ್ಕವನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ತಾರೀಖು ಎರಡು ಸಲ ಬಂದ ದಿನ ಗುಳಿಗೆ ಎಣಿಸಿ ಒಯ್ದವರಿಗೆ ಒಂದು ದಿನದ್ದು ಕಡಿಮೆ ಬೀಳುತ್ತದೆ ಎಂಬುದೂ ನೆನಪಿರಲಿ. ಯಾವ ಯಾನವೇ ಆಗಲಿ, ಹತ್ತು ದಿನದ ಔಷಧ ಹೆಚ್ಚಾಗಿಯೇ ಕೈಚೀಲದಲ್ಲಿರಬೇಕು.

ಮೂರನೆಯದು ಕಡಲಿನ ಸ್ವಭಾವ ಮತ್ತು ಋತು. ಕೊಲಂಬಸ್ 1492ರಲ್ಲಿ ಕೆನರಿ ದ್ವೀಪಗಳಿಂದ ಪಶ್ಚಿಮಕ್ಕೆ ಹೊರಟಾಗ ಅವನ ಹಾಯಿಗಳನ್ನು ಹಿಂದಿನಿಂದ ನೂಕಿದ್ದು ವಾಣಿಜ್ಯ ಮಾರುತ. ಮರಳುವಾಗ ಅವನು ಉತ್ತರಕ್ಕೆ ಸರಿದು ಅಝೋರ್ಸ್ ದ್ವೀಪಗಳ ಹಾದಿಯಲ್ಲಿ ಬಿರುಗಾಳಿಗೆ ಸಿಲುಕಿದ. ಯಂತ್ರದ ಹಡಗಿಗೆ ಹಾಯಿಯ ಹಂಗಿಲ್ಲವಾದರೂ ಕಡಲು ಅದೇ ಕಡಲು. ಕೆನರಿ ದ್ವೀಪಗಳಿಂದ ಕೆರಿಬಿಯನ್ ಕಡೆಗೆ ಹೋಗುವ ದಕ್ಷಿಣದ ದಾರಿ ಬೆಚ್ಚಗಿನದು, ಗಾಳಿ ಅಲೆಗಳು ಹೆಚ್ಚಾಗಿ ಬೆನ್ನ ಹಿಂದೆ. ಡೆಕ್ಕಿನ ಮೇಲೆ ಕುಳಿತಿರಲು ಸಾಧ್ಯ. ಆದರೆ ಅಟ್ಲಾಂಟಿಕ್ಕಿನ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆಂದು ಲೆಕ್ಕ. ಸೆಪ್ಟೆಂಬರಿನಲ್ಲಿ ಅದರ ಉಗ್ರತೆ ಹೆಚ್ಚು. ಆದುದರಿಂದ ಈ ದಾರಿಯಲ್ಲಿ ಹೋಗುವವರು ಅಕ್ಟೋಬರಿನ ಕೊನೆ ಇಲ್ಲವೆ ನವೆಂಬರಿನ ಯಾನವನ್ನು ಆರಿಸಿಕೊಳ್ಳುವುದು ಮೇಲು. ಸೌತಾಂಪ್ಟನ್-ನ್ಯೂಯಾರ್ಕ್ ದಾರಿ ಉತ್ತರದ್ದು, ತಂಪಿನದು. ಬೇಸಿಗೆಯಲ್ಲಿ ಹಿತ, ಚಳಿಗಾಲದಲ್ಲಿ ಒರಟು. ಕ್ವೀನ್ ಮೇರಿ 2 ಇಂತಹ ನೀರಿಗೆಂದೇ ಚೂಪಾದ ಉದ್ದ ಮೂತಿಯಿಂದಲೂ ದಪ್ಪ ಉಕ್ಕಿನ ಒಡಲಿನಿಂದಲೂ ಕಟ್ಟಿದ ಹಡಗಾದುದರಿಂದ ಉಳಿದವುಗಳಿಗಿಂತ ಸ್ಥಿರವಾಗಿ ಸಾಗುತ್ತದೆ.

ಉತ್ತರ ಪೆಸಿಫಿಕ್ಕಿನ ದಾರಿ ಎಲ್ಲಕ್ಕಿಂತ ಚಳಿಯದು. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಿಂದ ಹೊರಟು, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್ ಮಾರ್ಗವಾಗಿ ಜಪಾನು ತಲಪಿ, ಯೋಕೋಹಾಮಾದಲ್ಲಿ ಎಂಪ್ರೆಸ್ ಆಫ್ ಇಂಡಿಯಾ ಎಂಬ ಹಡಗೇರಿ ಜುಲೈ 25ರಂದು ವ್ಯಾಂಕೂವರಿನಲ್ಲಿ ಇಳಿದರು. ಅದು ನಡುಬೇಸಿಗೆ. ಆದರೂ ತಕ್ಕ ಬೆಚ್ಚನೆಯ ಉಡುಪಿಲ್ಲದೆ ಅವರು ಆ ಕಡಲಿನಲ್ಲಿ ಚಳಿಯಿಂದ ಬಹಳ ಕಷ್ಟಪಟ್ಟರು. ಇಂದು ಈ ದಾರಿಯ ಯಾನಗಳು ದೊರೆಯುವುದು ಏಪ್ರಿಲ್-ಮೇಯಲ್ಲಿ ಮತ್ತು, ತಿರುವು ದಿಕ್ಕಿನಲ್ಲಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ; ಜುಲೈಗಿಂತ ಅವು ಇನ್ನೂ ತಣ್ಣಗಿನ ತಿಂಗಳುಗಳು. ಮಂಜು, ಮೋಡ, ಬೂದುಬಣ್ಣದ ನೀರು ಇವೇ ಅಲ್ಲಿಯ ನಿತ್ಯದರ್ಶನ. ಕೀಲುನೋವು, ಉಬ್ಬಸವಿರುವವರು ಈ ದಾರಿಗೆ ಹೋಗುವ ಮೊದಲು ಎರಡು ಸಲ ಯೋಚಿಸಬೇಕು.

ಅಲೆಯ ಓಲಾಟ ಯಾವ ದಾರಿಯಲ್ಲಿಯೂ ಸಂಪೂರ್ಣವಾಗಿ ತಪ್ಪದು. ದೊಡ್ಡ ಹಡಗುಗಳ ಎರಡೂ ಪಕ್ಕೆಗಳಲ್ಲಿ ನೀರಿನೊಳಗೆ ರೆಕ್ಕೆಯಂತಹ ಸಾಧನಗಳಿದ್ದು, ಅಡ್ಡಡ್ಡ ಓಲಾಟವನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ. ಮೂತಿ ಏರಿ ಇಳಿಯುವ ತೊನೆದಾಟವನ್ನು ಅವು ತಡೆಯಲಾರವು. ತೊಟ್ಟಿಲು ತೂಗುವಾಗ ತುದಿಗಳು ಹೆಚ್ಚು ಆಡಿ ನಡುವು ಕಡಿಮೆ ಆಡುವಂತೆ, ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿರುವ ಕ್ಯಾಬಿನ್ನಿಗೆ ಅಲುಗಾಟ ಕಡಿಮೆ. ಎತ್ತರದ ಬಾಲ್ಕನಿ ಕೋಣೆಗೆ ಹೆಚ್ಚು ಹಣ ತೆರುವುದಕ್ಕಿಂತ ನಡುವಿನ ಕಿಟಕಿಯ ಕೋಣೆಯನ್ನು ಆರಿಸುವುದು ವಯಸ್ಸಾದವರಿಗೆ ಜಾಣತನ.

ನಾಲ್ಕನೆಯ ವಿಚಾರ ಎರಡು ತುದಿಗಳ ನೆಲದ್ದು. ಯಾನದ ದರವನ್ನು ಮಾತ್ರ ನೋಡಿ ಅಗ್ಗವೆನ್ನುವವರು, ಅದರ ಎರಡೂ ಬದಿಗೆ ವಿಮಾನದ ಟಿಕೆಟ್ಟುಗಳು ಜೋತುಬಿದ್ದಿರುವುದನ್ನು ಮರೆಯುತ್ತಾರೆ. ಹಡಗು ಯಾರಿಗಾಗಿಯೂ ಕಾಯುವುದಿಲ್ಲವಾದುದರಿಂದ ಹತ್ತುವ ಊರಿಗೆ ಒಂದು ದಿನ ಮೊದಲೇ ಹೋಗಿ ತಂಗಬೇಕು, ಅದರ ವೆಚ್ಚ ಬೇರೆ. ಪ್ರಕಟವಾದ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರಿದ್ದಾಗ ತಲೆಗೆ ಬೀಳುವ ದರ. ಒಬ್ಬರೇ ಹೋದರೆ ಹಲವು ಸಂಸ್ಥೆಗಳು ಇನ್ನೊಬ್ಬರ ದರವನ್ನೂ ಹೆಚ್ಚು ಕಡಿಮೆ ಪೂರ್ತಿ ಕೇಳುತ್ತವೆ. ಸೇವಕರ ಭಕ್ಷೀಸೆಂದು ದಿನಕ್ಕೆ, ತಲೆಗೆ ಇಷ್ಟೆಂದು ಲೆಕ್ಕಕ್ಕೆ ಸೇರಿಸುವುದು ಅನೇಕ ಹಡಗುಗಳ ಪದ್ಧತಿ. ಕಡಲ ನಡುವೆ ಮೊಬೈಲು ತಾನಾಗಿ ಹಡಗಿನ ಜಾಲಕ್ಕೆ ಸೇರಿಕೊಂಡು ಭಾರಿ ಬಿಲ್ಲು ತರುವುದರಿಂದ, ಹತ್ತಿದೊಡನೆ ಅದನ್ನು ವಿಮಾನ ಸ್ಥಿತಿಗೆ ಇಡಲು ಮಕ್ಕಳಿಂದ ಕಲಿತಿರಬೇಕು.

ಹಣಕ್ಕಿಂತ ದೊಡ್ಡ ತೊಡಕು ವೀಸಾದ್ದು. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಇಂಗ್ಲೆಂಡಿನ ವೀಸಾ ಬೇರೆ, ಸ್ಪೇನ್ ಪೋರ್ಚುಗಲ್ ಮೊದಲಾದ ಷೆಂಗೆನ್ ದೇಶಗಳದು ಬೇರೆ, ಅಮೆರಿಕ ಕೆನಡಾಗಳದು ಬೇರೆ ಬೇರೆ. ಕೆನರಿ, ಮಡೀರಾ, ಅಝೋರ್ಸ್ ದ್ವೀಪಗಳು ಷೆಂಗೆನ್ ವೀಸಾದಲ್ಲಿಯೇ ಅಡಕ. ಆದರೆ ನಡುವೆ ಮೊರಾಕ್ಕೊದಂತಹ ಹೊರದೇಶದ ರೇವನ್ನು ಮುಟ್ಟಿ ಹಡಗು ಮತ್ತೆ ಸ್ಪೇನಿನ ದ್ವೀಪಕ್ಕೆ ಹೋಗುವುದಾದರೆ, ಒಂದೇ ಪ್ರವೇಶದ ವೀಸಾ ಸಾಲದಾಗಬಹುದು. ಬಹುಪ್ರವೇಶದ್ದನ್ನೇ ಕೇಳಿ ಪಡೆಯುವುದು ಕ್ಷೇಮ. ಒಂದು ರೇವಿನ ವೀಸಾ ಇಲ್ಲದಿದ್ದರೂ ಹತ್ತುವಾಗಲೇ ತಡೆಯುವ ಹಕ್ಕು ಸಂಸ್ಥೆಗಿದೆ. ಹಾಗೆ ತಡೆದರೆ ಕೊಟ್ಟ ಹಣ ಮರಳುವುದು ದುರ್ಲಭ. ಪೆಸಿಫಿಕ್ ದಾರಿಗೆ ಇನ್ನೊಂದು ನಿಯಮ. ಬೇರೆ ದೇಶದ ಧ್ವಜವುಳ್ಳ ಹಡಗು ದೂರದ ಪರದೇಶದ ಬಂದರೊಂದನ್ನು ಮುಟ್ಟದೆ ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದವರನ್ನು ಅದೇ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸಬಾರದೆಂಬ ಕಾನೂನು 1886ರಿಂದಲೂ ಅಲ್ಲಿದೆ. ಆದುದರಿಂದ ಹವಾಯಿಯಲ್ಲಿ ಹತ್ತಿ ನೇರವಾಗಿ ಸಿಯಾಟಲ್‌ನಲ್ಲಿ ಇಳಿಯುವೆನೆಂದರೆ ಆಗದು, ಕೆನಡಾಕ್ಕೆ ಸೇರಿದ ವ್ಯಾಂಕೂವರಿನಲ್ಲಿ ಇಳಿಯಬಹುದು. ಹಾಗೆ ಇಳಿಯಬೇಕಾದರೆ ಕೆನಡಾದ ವೀಸಾ ಬೇಕೇ ಬೇಕು.

ಇನ್ನು ಊಟದ ಮಾತು. ಮಾಂಸ ಮುಟ್ಟದ ನಮ್ಮ ಮನೆಗಳಿಗೆ ಇದು ಹೊಟ್ಟೆಯೊಂದರ ಪ್ರಶ್ನೆಯಾಗಿರದೆ ಮನಸ್ಸಿನ ನೆಮ್ಮದಿಯ ಪ್ರಶ್ನೆಯೂ ಆಗಿದೆ. 1888ರಲ್ಲಿ ಮೊದಲ ಸಲ ವಿಲಾಯಿತಿಗೆ ಹೊರಟ ತರುಣ ಗಾಂಧಿ, ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚಪಟ್ಟು, ಊಟದ ಮನೆಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನೇ ಹೆಚ್ಚಾಗಿ ತನ್ನ ಕೋಣೆಯಲ್ಲಿ ತಿಂದು ದಿನ ದೂಡಿದರು. ಇಂದು ಹಾಗೆ ಸಂಕೋಚಪಡುವ ಕಾರಣವಿಲ್ಲ. ದೊಡ್ಡ ಹಡಗುಗಳಲ್ಲಿ ಶಾಕಾಹಾರ ನಿತ್ಯ ದೊರೆಯುತ್ತದೆ. ಅಡುಗೆಮನೆಯಲ್ಲಿ ಭಾರತೀಯರೂ ಹಲವು ಕಡೆ ಇರುತ್ತಾರೆ. ಆದರೆ ಕೆಲವು ವಾರ ಮುಂಚಿತವಾಗಿ ಬರೆದು ತಿಳಿಸಬೇಕು, ಹತ್ತಿದ ಮೊದಲ ಸಂಜೆಯೇ ಊಟದ ಮನೆಯ ಮೇಲ್ವಿಚಾರಕನನ್ನು ಕಂಡು ಮೊಟ್ಟೆ, ಮೀನು, ಮಾಂಸದ ಸಾರು ಇವೂ ಸಲ್ಲವೆಂದು ಬಿಡಿಸಿ ಹೇಳಬೇಕು. ಹೀಗೆ ಹೇಳಿದ ಮೇಲೂ ಜೋಳದ ರೊಟ್ಟಿ, ಎಣ್ಣೆಗಾಯಿ ದೊರೆಯುವುದೆಂಬ ಆಸೆ ಬೇಡ. ಏಳು ದಿನ ಬ್ರೆಡ್ಡು, ಅನ್ನ, ಬೇಯಿಸಿದ ತರಕಾರಿಗಳಲ್ಲಿ ಸಾಗಿಸಬಲ್ಲವರೆಲ್ಲ ಇಪ್ಪತ್ತೆರಡು ದಿನ ಸಾಗಿಸಬಲ್ಲರೆಂದಲ್ಲ. ಚಟ್ನಿಪುಡಿ, ಖಾರದ ಪುಡಿಯ ಪೊಟ್ಟಣ ಜೊತೆಗಿದ್ದರೆ ಸಹಾಯವೇ. ಆದರೆ ಅಮೆರಿಕದಲ್ಲಿ ಇಳಿಯುವಾಗ ತಿನಿಸುಗಳೆಲ್ಲವನ್ನೂ ಸುಂಕದವರಿಗೆ ತೋರಿಸಬೇಕು. ಹಣ್ಣು, ಬೀಜಗಳನ್ನು ಒಯ್ಯದಿರುವುದೇ ಸುರಕ್ಷಿತ.

ಎಲ್ಲಕ್ಕಿಂತ ಗಂಭೀರವಾದುದು ಆರೋಗ್ಯ. ಹಡಗಿನಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಚಿಕ್ಕದೊಂದು ಚಿಕಿತ್ಸಾಲಯವಿದೆ. ಜ್ವರಕ್ಕೆ, ಗಾಯಕ್ಕೆ, ವಾಂತಿಗೆ ಅದು ಸಾಕು. ಹೃದಯಾಘಾತವಾದವನನ್ನು ಅವರು ಸ್ವಲ್ಪ ಹೊತ್ತು ಕಾಪಾಡಬಲ್ಲರು. ಶಸ್ತ್ರಚಿಕಿತ್ಸೆಗೆ ನೆಲದ ಆಸ್ಪತ್ರೆಯೇ ಬೇಕು. ಹೆಲಿಕಾಪ್ಟರು ಹಾರಿಬಂದು ಮರಳಬಲ್ಲ ದೂರಕ್ಕೆ ಮಿತಿಯಿದೆ. ಕೆನರಿ ದ್ವೀಪ ಬಿಟ್ಟು ಮೂರನೆಯ ದಿನ ಹಿಂದೆಯೂ ಮೂರು ದಿನದ ನೀರು, ಮುಂದೆಯೂ ಮೂರು ದಿನದ ನೀರು. ವಿಮಾನದಲ್ಲಿ ಕಷ್ಟ ಬಂದರೆ ಕೆಲವೇ ತಾಸುಗಳಲ್ಲಿ ಎಲ್ಲಿಯಾದರೂ ಇಳಿಸಬಹುದು. ಇಲ್ಲಿ ಆ ಸೌಲಭ್ಯವಿಲ್ಲ. ಡಯಾಲಿಸಿಸ್ ಬೇಕಾದವರಿಗೂ ಈಚೆಗೆ ಹೃದಯದ ಚಿಕಿತ್ಸೆಯಾದವರಿಗೂ ಇಂತಹ ಯಾನ ತಕ್ಕುದಲ್ಲ. ಇಪ್ಪತ್ತನಾಲ್ಕು ವಾರ ತುಂಬಿದ ಗರ್ಭಿಣಿಯರನ್ನು ಬಹುಪಾಲು ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ಸಾಗರ ದಾಟುವ ಯಾನಕ್ಕೆ ವರ್ಷ ತುಂಬದ ಕೂಸುಗಳನ್ನೂ ಹಲವು ಸಂಸ್ಥೆಗಳು ಒಲ್ಲವು. ವಿಮೆಯನ್ನು ಕೊಳ್ಳುವಾಗ, ಮೊದಲಿನಿಂದಲೂ ಇರುವ ಕಾಯಿಲೆಗೆ ಅದು ಅನ್ವಯಿಸುವುದೆ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವನ್ನು ಕೊಡುವುದೆ, ಈ ಎರಡನ್ನು ಅಕ್ಷರಶಃ ಓದಿ ತಿಳಿಯಬೇಕು.

ಇಷ್ಟನ್ನು ಮುಂದಿಟ್ಟುಕೊಂಡು ನಾಲ್ಕು ಹಾದಿಗಳನ್ನು ತೂಗಿ ನೋಡೋಣ. ಮಗನೋ ಮಗಳೋ ನ್ಯೂಜೆರ್ಸಿ, ನ್ಯೂಯಾರ್ಕಿನ ಆಸುಪಾಸಿನಲ್ಲಿದ್ದರೆ, ಮೊದಲ ಸಲ ಕಡಲೇರುವ ಹಿರಿಯರಿಗೆ ಸೌತಾಂಪ್ಟನ್‌ನಿಂದ ಹೋಗುವ ಏಳು ರಾತ್ರಿಯ ದಾರಿ ನಿಸ್ಸಂಶಯವಾಗಿ ಮೇಲು. ವೀಸಾ ಎರಡೇ, ದಿನಗಳು ಕಡಿಮೆ, ದಿಕ್ಕು ಅನುಕೂಲ, ಇಳಿದೊಡನೆ ಮಗನ ಕಾರು. ಮೇ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಹೋಗಬೇಕು. ಈಗಾಗಲೇ ಒಂದು ಯಾನವನ್ನು ಕಂಡು, ಕಡಲ ಮೌನ ತಮಗೆ ಒಗ್ಗುತ್ತದೆಂದು ತಿಳಿದವರಿಗೆ, ಮಕ್ಕಳು ಅಮೆರಿಕದ ದಕ್ಷಿಣ ಭಾಗದಲ್ಲಿದ್ದರೆ, ಬಾರ್ಸಿಲೋನಾ-ಫ್ಲಾರಿಡಾ ದಾರಿ ಸರಿ. ಹಣಕ್ಕೆ ತಕ್ಕ ಸುಖ ಇದರಲ್ಲಿಯೇ ಹೆಚ್ಚು. ಯೋಕೋಹಾಮಾ ದಾರಿ ಆರೋಗ್ಯವಂತರಿಗೆ, ಚಳಿಗೆ ಅಂಜದವರಿಗೆ ಮಾತ್ರ. ಸಿಡ್ನಿಯ ದಾರಿಯನ್ನು ಹೊರಗಿನ ನೋಟಕ್ಕೆ ಎಲ್ಲರೂ ಬೇಡವೆನ್ನುವರು. ಮೂರು ವಾರ, ಭೂಮಧ್ಯರೇಖೆ, ದಿನಾಂಕ ರೇಖೆ, ಏಳು ಗಂಟೆಯ ನಷ್ಟ. ಆದರೆ ಮಗಳು ಸಿಡ್ನಿಯಲ್ಲಿಯೂ ಮಗ ಸಿಯಾಟಲ್‌ನಲ್ಲಿಯೂ ಇರುವ ಕುಟುಂಬಗಳು ಈಗ ನಮ್ಮಲ್ಲಿವೆ. ಮಗಳ ಮನೆಯಲ್ಲಿ ಎರಡು ತಿಂಗಳಿದ್ದು, ಅಲ್ಲಿಂದ ಹಡಗೇರಿ ಮಗನ ಮನೆಯಲ್ಲಿ ಇಳಿಯುವ ತಾಯಿ ತಂದೆಯರಿಗೆ ಅದೇ ಅತ್ಯಂತ ಅರ್ಥಪೂರ್ಣವಾದ ದಾರಿ. ಹತ್ತಿಸುವವರೂ ಇಳಿಸಿಕೊಳ್ಳುವವರೂ ತಮ್ಮವರೇ ಆಗಿದ್ದಾಗ ಒಮ್ಮುಖ ಯಾನದ ಅರ್ಧ ತೊಂದರೆಗಳು ತಾವಾಗಿ ಕರಗುತ್ತವೆ. ಎರಡೂ ತುದಿಯಲ್ಲಿ ಬರಿಯ ಹೋಟೆಲಿದ್ದರೆ ಅತ್ಯಂತ ಸುಂದರವಾದ ಯಾನವೂ ಭಾರವಾಗಬಹುದು.

ಕೊನೆಯದಾಗಿ ಒಂದು ಸೂಕ್ಷ್ಮವಾದ ಮಾತನ್ನು ಹೇಳಬೇಕಾಗಿದೆ. ಇಂತಹ ಬಯಕೆ ಸಾಮಾನ್ಯವಾಗಿ ದಂಪತಿಗಳಲ್ಲಿ ಒಬ್ಬರಿಗೆ ಹುಟ್ಟುತ್ತದೆ, ಬಹಳ ಸಲ ಮನೆಯ ಯಜಮಾನರಿಗೆ. ಅವರು ಭೂಪಟ ಹರಡಿ ಉತ್ಸಾಹದಿಂದ ಮಾತಾಡುತ್ತಿರುವಾಗ ಮನೆಯೊಡತಿ "ನಿಮಗೆ ಹೆಂಗ್ ಅನಸ್ತದೋ ಹಂಗ ಮಾಡ್ರಿ" ಎಂದು ಒಳಗೆ ಹೋಗುತ್ತಾಳೆ. ಈ ಮಾತನ್ನು ಒಪ್ಪಿಗೆಯೆಂದು ತಿಳಿಯುವುದು ನಮ್ಮ ಮನೆಗಳ ಹಳೆಯ ರೂಢಿ. ಅದು ಬಹಳ ಸಲ ಒಪ್ಪಿಗೆಯಾಗಿರುವುದಿಲ್ಲ. ನೀರಿನ ಭಯ, ಭಾಷೆ ತಿಳಿಯದ ಜನರ ನಡುವೆ ಮೂರು ಹೊತ್ತು ಕುಳಿತು ಉಣ್ಣುವ ಮುಜುಗರ, ನಾಲ್ಕು ಹೆಜ್ಜೆಗೆ ಗೋಡೆ ಸಿಗುವ ಕೋಣೆ, ತಾನು ಹಾಸಿಗೆ ಹಿಡಿದರೆ ಮಕ್ಕಳಿಗೆ ಮುಖ ಕಾಣದೆ ಹೋಗುವೆನೇನೋ ಎಂಬ ಅಳುಕು, ಇವನ್ನು ಆಕೆ ಬಾಯಿಬಿಟ್ಟು ಹೇಳಿರುವುದಿಲ್ಲ. ಊರಿನಲ್ಲಿ ಬೇಸರವಾದರೆ ಆಕೆಗೆ ನೆರೆಮನೆಯಿದೆ, ತವರಿದೆ. ನಡುಗಡಲಿನಲ್ಲಿ ಗಂಡನ ಹೊರತು ಮಾತ್ಯಾರೊಡನೆ? ಕೆಲವು ಮನೆಗಳಲ್ಲಿ ಇದು ತಿರುವುಮುರುವಾಗಿ, ಕಡಲು ನೋಡುವ ಹಂಬಲ ಆಕೆಯದೂ ಸುಮ್ಮನೆ ತಲೆದೂಗಿದ್ದು ಗಂಡನೂ ಆಗಿರಬಹುದು.

ಆದುದರಿಂದ ಪಟ್ಟಿಗಳನ್ನು ಮಕ್ಕಳು ಕಳುಹಿಸಲಿ, ಲೆಕ್ಕವನ್ನು ಯಜಮಾನರು ಮಾಡಲಿ. ದಿನಗಳ ಸಂಖ್ಯೆಯನ್ನು ಮಾತ್ರ ಇಬ್ಬರಲ್ಲಿ ಕಡಿಮೆ ಬಲವುಳ್ಳವರು, ಕಡಿಮೆ ಮನಸ್ಸುಳ್ಳವರು ಹೇಳಲಿ. ಅವರು ಏಳು ಎಂದರೆ ಏಳು. ಅವರು ಬೇಡವೆಂದರೆ ವಿಮಾನ. ಎರಡು ಎತ್ತಿನ ಬಂಡಿ ಸಾಗುವುದು ಸೋತ ಎತ್ತಿನ ನಡಿಗೆಗೆ ತಕ್ಕಂತೆ ಎಂಬುದನ್ನು ಒಕ್ಕಲು ಮಕ್ಕಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿರಿಯರ ಹಂಬಲಕ್ಕೆ "ಈ ವಯಸ್ಸಿನಲ್ಲಿ ಯಾಕೆ ಬೇಕು" ಎಂದು ಅಡ್ಡ ಬರುವ ಮಕ್ಕಳಿಗೂ ಒಂದು ವಿನಂತಿ: ಬೇಡವೆನ್ನುವ ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ, ವೀಸಾದ ಕಾಗದಗಳನ್ನು ನೀವೇ ತುಂಬಿರಿ, ಹತ್ತುವ ರೇವಿಗೆ ಒಬ್ಬರಾದರೂ ಬಂದು ನಿಲ್ಲಿರಿ. ಅಷ್ಟು ಮಾಡಿದ ಮೇಲೆ ಹಾದಿಯ ಆಯ್ಕೆ ಕಷ್ಟವಾಗದು. ಹೊರಡುವವರ ಯಾನ ಸುಖಕರವಾಗಲಿ.